ಸೈಪ್ರಸ್ ದಾಟದ ಕಪ್ತಾನ

"ಕಾಲಿನ ಕಡೆಯವರು ಮೊದಲು ಇಳೀರಿ. ತಲೆ ಮೇಲೇ ಇರಲಿ. ಗೋಡೆ ನೋಡ್ಕೊಳ್ಳಿ, ಗೋಡೆ," ಎಂದು ನಿಕೂಲಾ ತಿರುವಿನಲ್ಲಿ ನಿಂತು ಹೇಳುತ್ತಿದ್ದರು.

ಮಸೀದಿಯಿಂದ ತಂದ ಚಟ್ಟ ಈ ಮೆಟ್ಟಿಲುಗಳಲ್ಲಿ ತಿರುಗುವುದಿಲ್ಲವೆಂದು ಕೆಳಗೇ ಬಿಟ್ಟಿದ್ದರು. ಲಿಫ್ಟು ಕೆಟ್ಟು ಐದು ವರ್ಷವಾಗಿತ್ತು. ಹಾಗಾಗಿ ಮುನೀಫರನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕಂಬಳಿಯ ಮೇಲೆ ಮಲಗಿಸಿ, ನಾಲ್ಕು ಮೂಲೆಗಳನ್ನು ನಾಲ್ಕು ಜನ ಹಿಡಿದು ಆರನೇ ಮಹಡಿಯಿಂದ ಇಳಿಸುತ್ತಿದ್ದರು. ಕಂಬಳಿ ಒಂದೊಂದು ತಿರುವಿನಲ್ಲೂ ನಿಂತು, ಓರೆಯಾಗಿ, ಮತ್ತೆ ಸಾಗುತ್ತಿತ್ತು.

"ಅಬೂ ಹನಾನ್, ಕೊನೆಗೂ ಇಳಿದೆಯಲ್ಲೋ," ಎಂದರು ಹಿಂದೆ ಬರುತ್ತಿದ್ದ ಫವ್ಜಿ. ಅವರಿಗೆ ಪ್ರತಿ ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಳ್ಳಬೇಕಾಗಿತ್ತು. "ನಾವು ಈ ಮೆಟ್ಟಿಲು ಹತ್ತಿ ಬಂದ ದಿನವೇ ನೀನು ಇಳೀಬೇಕಿತ್ತಾ?"

ಯಾರೂ ನಗಲಿಲ್ಲ, ಯಾರೂ ಗದರಲಿಲ್ಲ. ಫವ್ಜಿ ಬಂದರಿನ ಸುಂಕದ ಕಟ್ಟೆಯಲ್ಲಿ ಗುಮಾಸ್ತರಾಗಿದ್ದವರು, ನಿಕೂಲಾ ಟಿವಿ ರಿಪೇರಿ ಮಾಡುತ್ತಿದ್ದವರು. ಇಬ್ಬರೂ ಮುನೀಫರ ಜೊತೆ ಮೀಸೆ ಮೂಡುವ ಕಾಲದಿಂದ ಇದ್ದವರು. ಅವರ ಮಾತಿಗೆ ಅಡ್ಡಿಯಿರಲಿಲ್ಲ.

ಅಬೂ ಹನಾನ್ ಎಂದರೆ ಹನಾನ್‌ಳ ಅಪ್ಪ. ಆ ಹನಾನ್ ಎಲ್ಲರ ಹಿಂದೆ ಇಳಿಯುತ್ತಿದ್ದಳು. ಹೆಂಗಸರು ಮನೆಯಲ್ಲೇ ಉಳಿಯುವುದು ರೂಢಿ. ಆದರೂ ತಂದೆಯನ್ನು ಬಾಗಿಲ ತನಕ ಕಳಿಸಿಕೊಡುತ್ತೇನೆಂದು ಹಟ ಹಿಡಿದು ಬಂದಿದ್ದಳು. ಎರಡನೇ ಮಹಡಿಗೆ ಬರುತ್ತಲೇ ಅವಳ ಕಾಲು ನಿಂತುಬಿಟ್ಟಿತು. ಅಲ್ಲೊಂದು ಗಾಜು ಒಡೆದ ಕಿಟಕಿ, ಅದರ ಕೆಳಗೆ ಸವೆದ ಕಲ್ಲಿನ ಮೆಟ್ಟಿಲು. ಅದನ್ನು ದಾಟಲು ಅವಳಿಂದ ಆಗಲಿಲ್ಲ.

"ಸಾಕು ಮಗಳೇ, ಇಲ್ಲಿಗೇ ಸಾಕು," ಎಂದು ಪಕ್ಕದ ಮನೆಯಾಕೆ ತೋಳು ಹಿಡಿದಳು. ಎಲ್ಲರೂ ಅದನ್ನು ದುಃಖವೆಂದುಕೊಂಡರು. ದುಃಖವೂ ಹೌದು. ಆದರೆ ನಿನ್ನೆ ಸಂಜೆ, ಮೇಲೆ ಮನೆಯಲ್ಲಿ ತಂದೆಯ ಪ್ರಾಣ ಹೋಗುವ ಹೊತ್ತಿಗೆ ಮಗಳು ಇದೇ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದಳು. ಅದು ಅವಳೊಬ್ಬಳಿಗೆ ಗೊತ್ತಿತ್ತು.

*

ತ್ರಿಪೋಲಿಯ ಬಂದರು ಕೇರಿ ಮೀನಾದಲ್ಲಿ ಸರ್ಕಾರದ ಕರೆಂಟೆಂದರೆ ದೂರದ ನೆಂಟ. ಬಂದಾಗ ಬಂತು, ಕಾಯುತ್ತ ಕೂತರೆ ನಮಗೇ ನಷ್ಟ. ಉಳಿದ ಹೊತ್ತಿಗೆ ಜನರೇಟರಿನವನು ಕೊಡುವ ಐದು ಆಂಪಿಯರಿನಲ್ಲಿ ಸಂಸಾರ ನಡೆಯಬೇಕು. ಅದರಲ್ಲಿ ಏನೇನು ಒಟ್ಟಿಗೆ ಓಡುತ್ತದೆ, ಏನು ಓಡುವುದಿಲ್ಲ ಎಂಬುದು ಊರಿನ ಮಕ್ಕಳಿಗೂ ಬಾಯಿಪಾಠ. ಮುನೀಫರ ಮನೆಯಲ್ಲಿ ಅವರ ಆಕ್ಸಿಜನ್ ಮಷೀನು, ಫ್ರಿಜ್ಜು, ಒಂದು ದೀಪ, ಅವರ ಹಳೇ ಕಂಪ್ಯೂಟರು ಇಷ್ಟೂ ಹೇಗೋ ಹೊಂದಿಕೊಂಡಿದ್ದವು. ಅವುಗಳ ಮೇಲೆ ನೀರು ಕಾಯಿಸುವ ಕೆಟಲ್ ಒತ್ತಿದರೆ ಮುಗಿಯಿತು, ಸ್ವಿಚ್ಚು ಬೀಳುತ್ತಿತ್ತು. ಸ್ವಿಚ್ಚುಗಳಿದ್ದದ್ದು ಕೆಳಗೆ, ಬೀದಿ ಬಾಗಿಲ ಪಕ್ಕದ ಹಲಗೆಯಲ್ಲಿ. ಬಿದ್ದರೆ ಮನೆಯವರು ಯಾರಾದರೂ ಇಳಿದು ಎತ್ತಬೇಕು. ಈ ಮನೆಯಲ್ಲಿ ಯಾರಾದರೂ ಎಂದರೆ ಹನಾನ್.

ಬೇರೆ ಯಾವುದಕ್ಕೂ ಅವಳು ಇಳಿಯುತ್ತಿರಲಿಲ್ಲ. ರೊಟ್ಟಿ, ತರಕಾರಿ, ಔಷಧಿ ಎಲ್ಲವೂ ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಯಲ್ಲಿ ಮೇಲೆ ಬರುತ್ತಿದ್ದವು. ಮದುವೆಯ ಉಡುಪುಗಳಿಗೆ ಮಣಿ ಹೊಲಿಯುವ ಕೆಲಸವೂ ಅದೇ ಬುಟ್ಟಿಯಲ್ಲಿ ಬಂದು ಅದೇ ಬುಟ್ಟಿಯಲ್ಲಿ ಹೋಗುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಒಮ್ಮೆ ಅವಳು ಒಂದು ಮದುವೆಗೆಂದು ಹೋಗಿದ್ದಳು. ಆ ಹೊತ್ತಿಗೇ ಕರೆಂಟು ಹೋಗಿ, ಕಾಯಲು ಕೂತಿದ್ದ ಪಕ್ಕದ ಮನೆಯ ಹೆಂಗಸಿಗೆ ಮಷೀನು ನಿಂತಾಗ ಬಳಸುವ ಸಣ್ಣ ಆಕ್ಸಿಜನ್ ಸಿಲಿಂಡರಿನ ತಿರುಪು ಯಾವ ಕಡೆಗೆಂದು ತಿಳಿಯದೆ, ಹನಾನ್ ಬಂದು ನೋಡುವಾಗ ತಂದೆಯ ತುಟಿ ನೀಲಿಯಾಗಿತ್ತು. ಅಂದಿನಿಂದ ಅವಳು ಹೊಸ್ತಿಲು ದಾಟುವುದನ್ನು ಬಿಟ್ಟಳು. ಮುನೀಫರು ಸಿಲಿಂಡರು ತೆರೆಯುವುದನ್ನು ತಾವೇ ಕಲಿತರು. ಕಲಿತು ತೋರಿಸಿದರೂ ಮಗಳು ನಂಬಲಿಲ್ಲ.

"ಹೋಗಿ ಬಾರೇ. ರಸ್ತೆ ದಾಟಿದ್ರೆ ಸಮುದ್ರ. ಸ್ವಲ್ಪ ಗಾಳಿ ಕುಡಿದು ಬಾ."

"ನಿಮಗೆ ಇಲ್ಲಿ ಉಸಿರು ಸಿಗದೇ ಇದ್ರೆ ನಾನು ಅಲ್ಲಿ ಗಾಳಿ ಕುಡೀತಾ ಇರಬೇಕಾ, ಬಾಬಾ?"

"ನಾನೇನು ಮಗುನಾ?"

"ಮಗುವಾಗಿದ್ರೆ ಎತ್ಕೊಂಡು ಹೋಗ್ತಿದ್ದೆ."

ಈ ಜಗಳ ದಿನಾ ಸಂಜೆ ನಡೆಯುತ್ತಿತ್ತು. ಒಂದು ದಿನ ಅವರು ಹೇಳುವುದನ್ನು ನಿಲ್ಲಿಸಿದರು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಅವರಿಗೆ ಮರೆವು ಶುರುವಾಯಿತು.

ಸಂಜೆಯಾದರೆ ಫೋನಿನಲ್ಲಿ ಮೂವರು ಮುದುಕರ ಬೈಠಕ್. ಹರೆಯದಲ್ಲಿ ಮೂವರೂ ಸಾಲ ಮಾಡಿ, ಅರಬ್ಬಿ ಅಕ್ಷರದ ಕೀಲಿಮಣೆಯಿದ್ದ ಒಂದೊಂದು ಕಂಪ್ಯೂಟರು ತಂದಿದ್ದರು. ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿದರೆ ಬೆಕ್ಕು ಜಗಳದಂಥ ಸದ್ದು ಮಾಡಿ ಆಟ ತೆರೆದುಕೊಳ್ಳುವ ಕಾಲದ್ದು. ಯುದ್ಧ ಬಂತು, ಹೋಯಿತು, ಮೊಮ್ಮಕ್ಕಳಾದರು, ಮೂವರೂ ಆ ಪೆಟ್ಟಿಗೆಗಳನ್ನು ಬಿಡಲಿಲ್ಲ. ಯಾರು ಮನಸ್ಸು ಹಗುರ ಮಾಡಿಕೊಳ್ಳಲು ಏನಾಡಿದರು, ಎಲ್ಲಿಯವರೆಗೆ ಬಂದರು ಎಂದು ದಿನಾ ಒಪ್ಪಿಸುವುದು. ನಿಕೂಲಾ ಇಟ್ಟಿಗೆ ಗೋಡೆ ಒಡೆಯುವ ಆಟದವರು. ಬದುಕೆಲ್ಲ ಮುರಿದದ್ದನ್ನು ಕೂಡಿಸಿದ್ದೇನೆ, ಈಗಲಾದರೂ ಒಡೆಯುತ್ತೇನೆ ಎನ್ನುತ್ತಿದ್ದರು. ಫವ್ಜಿ ಯಂತ್ರದ ಜೊತೆ ಇಸ್ಪೀಟು ಆಡುತ್ತಿದ್ದರು, ಯಾಕೆಂದರೆ ಹೆಂಡತಿ ಮೋಸ ಮಾಡುತ್ತಾಳೆ. ಮುನೀಫರದು ಹಡಗಿನ ಆಟ. ಸಾಬೂನು, ಕಿತ್ತಳೆ ತುಂಬಿಕೊಂಡು ಬಂದರಿನಿಂದ ಬಂದರಿಗೆ ಹೋಗುವುದು, ಬಿರುಗಾಳಿ ನೋಡಿ ಹಾಯಿ ತಿರುಗಿಸುವುದು. ತಾಸುಗಟ್ಟಲೆ ಹಿಡಿಯುತ್ತಿತ್ತು.

ಆ ಆಟಗಳನ್ನು ಅರ್ಧದಲ್ಲಿ ಉಳಿಸಿಡಲು ಬರುವುದಿಲ್ಲ. ಕರೆಂಟು ಹೋದರೆ ಆಟ ಹೋಯಿತು, ಮತ್ತೆ ಮೊದಲ ಬಂದರಿನಿಂದಲೇ ಹೊರಡಬೇಕು. ಮುನೀಫರ ಹಡಗು ಎಂದೂ ಸೈಪ್ರಸ್ ದಾಟಲಿಲ್ಲ. ಇನ್ನೇನು ದಡ ಕಾಣಬೇಕು, ಅವರು ಪಕ್ಕದ ಮೇಜಿನ ಕೆಟಲ್ ಒತ್ತಿಬಿಡುತ್ತಿದ್ದರು. ಮನೆ ಕತ್ತಲು.

"ಅಯ್ಯೋ, ಮರೆತೆ ಕಣೇ."

"ನೀರಾದ್ರೂ ಹಾಕಿದೀರಾ ಇದಕ್ಕೆ? ಖಾಲಿ ಕೆಟಲು!" ಎಂದು ಗದರಿ, ಸಿಲಿಂಡರು ತೆರೆದದ್ದನ್ನು ನೋಡಿಕೊಂಡು ಹನಾನ್ ಚಪ್ಪಲಿ ಮೆಟ್ಟಿ ಇಳಿಯುತ್ತಿದ್ದಳು. ಹೋಗುವಾಗ ಶಪಿಸುತ್ತ ಹೋಗುವಳು. ಸ್ವಿಚ್ಚು ಎತ್ತಿ ಬರುವಾಗ ಎರಡನೇ ಮಹಡಿಯಲ್ಲಿ ಅರೆಗಳಿಗೆ ಕೂರುವಳು. ಆಮೇಲಾಮೇಲೆ ಅದು ಅರೆಗಳಿಗೆಯಾಗಿ ಉಳಿಯಲಿಲ್ಲ. ಒಡೆದ ಗಾಜಿನಿಂದ ಉಪ್ಪು ಗಾಳಿ ಬರುತ್ತಿತ್ತು, ಯಾರೂ ಅವಳ ಹೆಸರು ಕರೆಯುತ್ತಿರಲಿಲ್ಲ. ಇಡೀ ದಿನದಲ್ಲಿ ಅವಳದೆಂದು ಇದ್ದದ್ದು ಆ ಕಲ್ಲೊಂದೇ.

ನಿನ್ನೆಯೂ ಹಾಗೇ ಆಯಿತು. ಒಂದೇ ವ್ಯತ್ಯಾಸವೆಂದರೆ ನಿನ್ನೆ ಬಾಗಿಲಲ್ಲಿ ನಿಂತು ಅವಳು, "ಈ ಆಟ ನಿಮ್ಮನ್ನಲ್ಲ ಬಾಬಾ, ನನ್ನನ್ನ ಸಾಯಿಸುತ್ತೆ," ಎಂದಿದ್ದಳು. ಸೂರ್ಯ ಮುಳುಗಿದ ಹೊತ್ತಿನ ಮಗ್ರಿಬ್ ನಮಾಜಿನ ಬಾಂಗು ಮುಗಿಯುವ ತನಕ ಮೆಟ್ಟಿಲ ಮೇಲೆ ಕೂತಿದ್ದು ಮೇಲೆ ಹೋದರೆ, ತಂದೆ ಕುರ್ಚಿಯಲ್ಲಿ ಒರಗಿದ್ದರು. ಮೂಗಿನಲ್ಲಿ ಸಿಲಿಂಡರಿನ ನಳಿಗೆ ಹಾಗೇ ಇತ್ತು. ತೊಡೆಯ ಮೇಲಿದ್ದ ಫೋನಿನಿಂದ ಎರಡು ದನಿಗಳು ಒಂದರ ಮೇಲೊಂದು ಬಿದ್ದು "ಅಬೂ ಹನಾನ್, ಅಬೂ ಹನಾನ್" ಎಂದು ಕೂಗುತ್ತಿದ್ದವು.

*

ಮಣ್ಣು ಮುಗಿದ ಮೇಲೆ ಗಂಡಸರು ಕೆಳಗಿನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಮೇಲೆ ಹೆಂಗಸರಿದ್ದರು. ಸಕ್ಕರೆಯಿಲ್ಲದ ಕಾಫಿ ಸುತ್ತು ಬರುತ್ತಿತ್ತು. ಹನಾನ್‌ಳ ಸೋದರತ್ತೆ ಬದೀಯಾ ಎರಡೂ ಮಂಡಿ ಹಿಡಿದುಕೊಂಡು ಸೋಫಾದಲ್ಲಿ ಕೂತು, ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು.

"ಇವಳನ್ನ ಒಬ್ಬಳನ್ನೇ ಬಿಡೋಕಾಗುತ್ತಾ? ನಾನು ಬ್ಯಾಗ್ ಸಮೇತ ಬಂದಿದೀನಿ. ಇನ್ನು ಇಲ್ಲೇ ಇರೋದು. ಹತ್ತಿದ್ದೇ ದೊಡ್ಡದು, ಈ ಕಾಲಲ್ಲಿ ಮತ್ತೆ ಇಳಿಯೋ ಮಾತೇ ಇಲ್ಲ."

"ಒಳ್ಳೇದಾಯ್ತು, ಜೊತೆಯಾಯ್ತು," ಎಂದರು ಹೆಂಗಸರು. ಹನಾನ್ ತಲೆಯಾಡಿಸಿದಳು. ಅತ್ತೆ ಕೆಟ್ಟವಳಲ್ಲ. ಒಳಕೋಣೆಯಲ್ಲಿ ಅತ್ತೆಯ ಬ್ಯಾಗು ಆಗಲೇ ತಂದೆಯ ಮಂಚದ ಕೆಳಗೆ ಸೇರಿತ್ತು.

ಮಧ್ಯಾಹ್ನ ಇಳಿದ ಮೇಲೆ ಬಂದವರು ಕರಗಿದರು. ಆಗ ನಿಕೂಲಾ ಮತ್ತು ಫವ್ಜಿ ಎರಡನೇ ಸಲ ಮೆಟ್ಟಿಲು ಹತ್ತಿ ಬಂದು, ಮುನೀಫರ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತರು. ಫವ್ಜಿಗೆ ಮಾತಾಡಲು ಉಸಿರೇ ಇರಲಿಲ್ಲ. ಹನಾನ್ ಕಾಫಿ ಕೊಟ್ಟು ಅಲ್ಲೇ ನಿಂತಳು.

"ನಿಕೂಲಾ ಮಾಮ, ನಿನ್ನೆ ಫೋನಲ್ಲಿ ನೀವಿಬ್ರೂ ಇದ್ರಿ. ಬಾಬಾ ಕೊನೇಲಿ ನನ್ನ ಕರೆದ್ರಾ?"

ನಿಕೂಲಾ ಕಾಫಿ ಬಟ್ಟಲು ನೋಡಿದರು. "ಅದೆಲ್ಲ ಈಗ ಯಾಕಮ್ಮ."

"ಕರೆದ್ರಾ? ಕರೆದಿದ್ರೆ ನನಗೆ ಕೇಳಿಸಲಿಲ್ಲ. ನಾನು ಬೇಗ ಬರಲಿಲ್ಲ. ಮೆಟ್ಟಿಲ ಮೇಲೆ..."

"ಎರಡನೇ ಮಹಡಿ ಮೆಟ್ಟಿಲ ಮೇಲೆ ಕೂತಿದ್ದೆ," ಎಂದರು ಫವ್ಜಿ.

ಹನಾನ್ ಕೈಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಬಾಯಿ ಬಿಡಬೇಡ ಅಂತ ಆಣೆ ಹಾಕಿಸಿದ್ನಲ್ಲೋ," ಎಂದರು ನಿಕೂಲಾ.

"ಹಾಕಿಸಿದವನನ್ನ ಈಗ ತಾನೇ ಮಣ್ಣಿಗಿಟ್ಟು ಬಂದ್ವಿ. ಇವಳು ಬದುಕಬೇಕಲ್ಲ." ಫವ್ಜಿ ಮೇಜಿನ ಮೇಲಿದ್ದ ಕೆಟಲ್ ಮುಚ್ಚಳ ತೆಗೆದು ಅವಳಿಗೆ ತೋರಿಸಿದರು. ಒಳಗೆ ಒಣಗಿತ್ತು. "ಯಾವತ್ತಾದ್ರೂ ಇದರಲ್ಲಿ ನೀರು ನೋಡಿದ್ಯಾ? ಸಂಜೆ ಹೊತ್ತು ನಿಮ್ಮಪ್ಪ ಟೀ ಕುಡಿದದ್ದು ನೋಡಿದ್ಯಾ?"

"ಮರೆವು..."

"ಎಂಥ ಮರೆವು. ನಲವತ್ತು ವರ್ಷದ ಹಿಂದೆ ನಾನು ಸೋತ ಆಟಾನ ನೆನಪಿಟ್ಟು ಆಡಿಕೊಳ್ತಿದ್ದ. 'ಹೇಳಿದ್ರೆ ಹೋಗಲ್ಲ ಕಣ್ರೋ, ಸ್ವಿಚ್ಚು ಬಿದ್ರೆ ಹೋಗ್ತಾಳೆ' ಅಂತಿದ್ದ. ಬೇಕಂತಲೇ ಒತ್ತುತ್ತಿದ್ದ."

"ನಾನು ಎಷ್ಟು ಸಲ ಬೈದಿದೀನಿ," ಎಂದರು ನಿಕೂಲಾ. "ಲೋ, ಸೈಪ್ರಸ್ ಕಾಣ್ತಿದೆ ಅಂತೀಯ, ಇನ್ನು ಸ್ವಲ್ಪ ತಡಿ ಅಂದ್ರೆ, 'ಕತ್ತಲಾದ್ರೆ ಅವಳಿಗೆ ಮೆಟ್ಟಿಲು ಕಾಣಲ್ಲ' ಅನ್ನೋನು. ಒತ್ತೋನು. ಸೈಪ್ರಸ್ ದಾಟದ ಕಪ್ತಾನ ಅಂತ ನಾವಿಬ್ರೂ ಹೆಸರಿಟ್ಟಿದ್ವಿ. ಕರೆಂಟು ಬಂದ ಮೇಲೂ ಮಷೀನು ಹಾಕ್ತಿರಲಿಲ್ಲ, ಅದರ ಗಲಾಟೇಲಿ ಕೇಳಿಸಲ್ಲ ಅಂತ. ಸಿಲಿಂಡರಿನಲ್ಲೇ ಇದ್ದು, 'ಶ್, ಸುಮ್ನಿರಿ' ಅಂತ ನಮ್ಮ ಬಾಯಿ ಮುಚ್ಚಿಸಿ, ನಿನ್ನ ಚಪ್ಪಲಿ ಸದ್ದು ಕೇಳ್ತಾ ಕೂರ್ತಿದ್ದ. 'ನಿಂತಿತು. ಕೂತಳು' ಅನ್ನೋನು. ಆಮೇಲೇ ನಾವು ಮಾತಾಡಬೇಕು."

ಹನಾನ್ ನೆಲದ ಮೇಲೆ ಕೂತಳು. ದಿನಾ ಮೆಟ್ಟಿಲಿಳಿಯುತ್ತ ತಾನು ಹಾಕಿದ ಶಾಪಗಳೆಲ್ಲ ನೆನಪಾದವು. ಅವೂ ಕೇಳಿಸಿರಬೇಕು.

"ನಿನ್ನೆ?" ಎಂದಳು.

ನಿಕೂಲಾ ಬಟ್ಟಲು ಕೆಳಗಿಟ್ಟು ಹೇಳಿದರು. "ನಿನ್ನೆ ಎದೆ ಹಿಡೀತಿದೆ ಅಂದ. ಹನಾನ್‌ನ ಕೂಗು ಅಂದೆ. ಇವನೂ ಅಂದ. ಬಾಗಿಲು ತೆಗೆದೇ ಇತ್ತು, ಒಂದು ಕೂಗು ಹಾಕಿದ್ರೆ ನಿನಗೆ ಕೇಳಿಸ್ತಿತ್ತು."

"ಏನಂದ್ರು?"

"'ಬೇಡ್ರೋ, ಈಗ ತಾನೇ ಕೂತಿರ್ತಾಳೆ' ಅಂದ. ಅಷ್ಟೇ. ಆಮೇಲೆ ಮಾತಾಡಲಿಲ್ಲ."

ತಂದೆ ಕರೆದು, ತನಗೆ ಕೇಳಿಸದೇ ಹೋಯಿತೇ ಎಂದು ಅವಳು ರಾತ್ರಿಯೆಲ್ಲ ಬೆಂದಿದ್ದಳು. ಅವರು ಕರೆಯಲೇ ಇಲ್ಲ ಎಂದು ತಿಳಿದರೆ ಹಗುರವಾಗಬೇಕಿತ್ತು. ಆಗಲಿಲ್ಲ. ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಆ ಸಿಟ್ಟಿನ ಬೆನ್ನಿಗೇ ಅಳು ಬಂತು.

"ಸುಳ್ಳುಗಾರ," ಎಂದಳು. "ಐದು ವರ್ಷ ನನ್ನ ಬಾಯಲ್ಲಿ ಬೈಸ್ಕೊಂಡ್ರು."

"ಬೈಗುಳಕ್ಕೆ ಅವನು ತಲೆ ಕೆಡಿಸ್ಕೊಳ್ಳಲಿಲ್ಲ ಬಿಡು," ಎಂದರು ಫವ್ಜಿ ಕಣ್ಣೊರೆಸಿಕೊಳ್ಳುತ್ತ. "ಸೈಪ್ರಸ್ ದಾಟಲಿಲ್ಲ ಅನ್ನೋದು ಮಾತ್ರ ಸ್ವಲ್ಪ ಇತ್ತು."

*

ಮುದುಕರು ಹೊರಟುಹೋದರು. ಇಳಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಹನಾನ್ ಬಟ್ಟಲುಗಳನ್ನು ತೊಳೆದಿಟ್ಟಳು. ಕೈ ಒರೆಸಿಕೊಂಡು ಬಾಗಿಲ ಬಳಿ ಬಂದಳು.

"ಎಲ್ಲಿಗೆ?" ಎಂದಳು ಬದೀಯಾ.

"ಸ್ವಲ್ಪ ಕೆಳಗೆ ಹೋಗಿ ಬರ್ತೀನಿ ಅತ್ತೆ."

"ಇವತ್ತಾ? ಸಾವಾದ ಮನೆಯಿಂದ ಹೆಣ್ಣು ಸಂಜೆ ಹೊತ್ತು ಬೀದಿಗಿಳಿದ್ರೆ ನೋಡಿದವರು ಏನಂತಾರೆ? ಏನು ಬೇಕೋ ಬುಟ್ಟಿ ಇಳಿಸಿದ್ರೆ ಬರುತ್ತೆ. ನನಗೂ ಎದೆ ಡವಡವ ಅಂತಿದೆ ಮಗಳೇ. ಬಂದು ಇಲ್ಲಿ ಕೂತ್ಕೋ."

ಹನಾನ್ ಹೋಗಿ ಕೂತಳು. ಅತ್ತೆ ಅವಳ ಕೈಯನ್ನು ತನ್ನ ಕೈಲಿ ತೆಗೆದುಕೊಂಡು ಸವರಿದಳು. ಆ ಕೈ ಬೆಚ್ಚಗಿತ್ತು, ಬಿಡುವ ಹಾಗೆ ಕಾಣಲಿಲ್ಲ. ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಬಾಲ್ಕನಿಯಾಚೆ ಬೆಳಕು ತೆಳ್ಳಗಾಗುತ್ತಿತ್ತು. ಇನ್ನು ತಡ ಮಾಡಿದರೆ ಮೆಟ್ಟಿಲು ಕಾಣುವುದಿಲ್ಲ.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ತಂದೆಯ ಮೂಲೆಗೆ ಹೋದಳು. ಆಕ್ಸಿಜನ್ ಮಷೀನು ಹಾಕಿದಳು. ಯಾರ ಮೂಗಿನಲ್ಲೂ ಇಲ್ಲದ ನಳಿಗೆ ಕುರ್ಚಿಯ ಮೇಲೆ ಸುಯ್ಯೆಂದಿತು. ಕಂಪ್ಯೂಟರು ಹಾಕಿದಳು. ಕ್ಯಾಸೆಟ್ ಚೀರಾಡಿ ಮುಗಿದ ಮೇಲೆ ಪರದೆಯಲ್ಲಿ ಮೊದಲ ಬಂದರು ಮೂಡಿತು, ಕಟ್ಟೆಗೆ ಕಟ್ಟಿದ ಪುಟ್ಟ ಹಡಗು.

"ಅದೇನೇ ಸದ್ದು?"

ಹನಾನ್ ಕೆಟಲ್ ಒತ್ತಿದಳು. ಎಲ್ಲವೂ ಒಮ್ಮೆಲೇ ನಿಂತಿತು.

"ಏನಾಯ್ತೇ?"

"ಸ್ವಿಚ್ಚು ಬಿತ್ತು ಅತ್ತೆ. ಕೆಟಲ್ ಒತ್ತಿದೆ, ಮರೆತು."

"ಅಯ್ಯೋ, ನಿಮ್ಮಪ್ಪನ ಹಾಗೇ ಆದೆಯಲ್ಲ. ಹೋಗಿ ಎತ್ತಿ ಬಾ ಮತ್ತೆ. ಬೇಗ ಬಾ."

ಚಪ್ಪಲಿ ಬಾಗಿಲಲ್ಲೇ ಇತ್ತು. ಹನಾನ್ ಅದನ್ನು ಪಕ್ಕಕ್ಕೆ ಸರಿಸಿ, ಕಪಾಟಿನ ತಳದಿಂದ ಬೂಟು ತೆಗೆದು ಧೂಳು ಕೊಡವಿ ಹಾಕಿಕೊಂಡಳು. ಎರಡನೇ ಮಹಡಿಯ ಕಲ್ಲನ್ನು ದಾಟುವಾಗ ಗೋಡೆ ಹಿಡಿದುಕೊಂಡಳು. ಕೆಳಗೆ ಸ್ವಿಚ್ಚು ಎತ್ತಿದಳು. ಆಮೇಲೆ ಬೀದಿ ಬಾಗಿಲು ತೆರೆದು, ಅಂಗಡಿಯ ಮುಂದಿನ ಖಾಲಿ ಕುರ್ಚಿಗಳನ್ನು ಬಳಸಿ, ರಸ್ತೆ ದಾಟಿ, ಸಮುದ್ರದ ಮೋಟು ಗೋಡೆಯ ಮೇಲೆ ಕೂತಳು.

ಬಾಲ್ಕನಿಯಿಂದ ಹಗ್ಗದ ಬುಟ್ಟಿ ತೂಗಾಡುತ್ತಿತ್ತು. ಇಲ್ಲಿಂದ ಅದು ಎಷ್ಟು ಸಣ್ಣದಾಗಿ ಕಾಣುತ್ತಿತ್ತೆಂದರೆ, ಇಷ್ಟು ವರ್ಷ ಅದರಲ್ಲಿ ಒಂದು ಸಂಸಾರಕ್ಕಾಗುವಷ್ಟು ಸಾಮಾನು ಮೇಲೆ ಹತ್ತಿತೆಂದು ನಂಬುವುದು ಕಷ್ಟವಾಗಿತ್ತು. ಅದರ ಪಕ್ಕದಲ್ಲಿ ಅತ್ತೆಯ ತಲೆ ಮೂಡಿತು.

"ಹನಾನ್, ಕರೆಂಟು ಬಂತು. ಮೇಲೆ ಬಾ. ಹನಾನ್."

ಕರೆದದ್ದು ಚೆನ್ನಾಗಿ ಕೇಳಿಸಿತು. ಅವಳು ಏಳಲಿಲ್ಲ. ಈಗ ತಾನೇ ಕೂತಿದ್ದಳು.