ಒಂದು ಸರತಿಯ ಸಾಲ

ಮಳೆ ಹಿಂದೆಗೆದು ಹದಿನೈದು ದಿನವಾಗಿತ್ತು. ಕೆರೆಯ ನೀರಿನ ಕೆಂಪು ಇಳಿದು ತಿಳಿಯಾಗಿತ್ತು. ಪ್ರವಾಸಿಗಳ ಕಾಲ ಶುರುವಾಗುವುದು ಹೀಗೆಯೇ. ದೋಣಿಕಟ್ಟೆಯ ಹದಿನಾಲ್ಕು ದೋಣಿಗಳಲ್ಲಿ ಹೆಚ್ಚಿನವು ಆಗಲೇ ಹೊಸ ಡಾಂಬರು ಬಳಿಸಿಕೊಂಡು ನೀರಿಗಿಳಿದಿದ್ದವು. ಸಾವಧಾನಿ ಮಾತ್ರ ತನ್ನ ದೋಣಿಯೊಳಗೆ ಕುಕ್ಕರಗಾಲಲ್ಲಿ ಕೂತು ತಗಡಿನ ಡಬ್ಬದಿಂದ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದ.

ಯಾವ ಕೆಲಸಕ್ಕೂ ಅವಸರಪಡದವನೆಂದು ಕಟ್ಟೆಯವರು ಇಟ್ಟ ಹೆಸರು ಅದು. ದೋಣಿಯ ಹಲಗೆಗಳ ಸಂದಿ ಬಿಟ್ಟುಕೊಂಡು ರಾತ್ರಿಯೆಲ್ಲ ನೀರು ಕುಡಿಯುತ್ತಿತ್ತು. ಸೋಮವಾರ ದೋಣಿಗಳ ತಪಾಸಣೆ. ಡಾಂಬರು ಬಳಿಯದ ದೋಣಿಗೆ ಈ ವರ್ಷ ಕಟ್ಟೆಯಲ್ಲಿ ಜಾಗವಿಲ್ಲ. ಅಂಗಡಿಯವನು ಕೈಗೆ ದುಡ್ಡು ಬಂದರೇ ಡಾಂಬರಿನ ಡಬ್ಬ ಇಳಿಸುತ್ತೇನೆ ಎಂದಿದ್ದ. ಗಿರಾಕಿಗಳನ್ನು ನಡುಗಡ್ಡೆಯವರೆಗೆ ಒಯ್ಯುವ ದೊಡ್ಡ ಸುತ್ತು ಒಂದೇ ಒಂದು ಸಿಕ್ಕರೆ ಆ ಡಬ್ಬ ಬರುತ್ತದೆ. ಇವತ್ತು ಶನಿವಾರ, ಕಟ್ಟೆಯಲ್ಲಿ ಸರತಿ ಬರೆಯುವ ಹಲಗೆಯ ಮೇಲೆ ಮೊದಲ ನಂಬರು ಅವನದೇ.

ಕಟ್ಟೆಯ ಪದ್ಧತಿ ಹಳೆಯದು. ಬಂದ ಗಿರಾಕಿ ಯಾರೇ ಆಗಲಿ, ಹಲಗೆಯಲ್ಲಿ ಮೊದಲಿರುವವನ ದೋಣಿಗೇ ಹತ್ತಬೇಕು. ಅವರ ಕಾಲು ದೋಣಿಯೊಳಗೆ ಬಿತ್ತೆಂದರೆ ಆ ಸರತಿ ಮುಗಿಯಿತು, ದೋಣಿಯವನ ನಂಬರು ಕೊನೆಗೆ ಹೋಯಿತು. ಮೊದಲೆಲ್ಲ ದಿನಕ್ಕೆ ಐದಾರು ಸಲ ಸರತಿ ಬರುತ್ತಿತ್ತು. ಈಗ ನಾಲ್ಕು ದಿನಕ್ಕೊಮ್ಮೆ ಬಂದರೆ ಪುಣ್ಯ. ಕಾರ್ಖಾನೆಗಳು ಪಾಳಿ ಇಳಿಸಿವೆಯಂತೆ, ಕಂಪನಿಗಳು ನೌಕರರನ್ನು ಬಸ್ಸು ಮಾಡಿ ಕಳಿಸುವುದನ್ನೇ ಬಿಟ್ಟಿವೆಯಂತೆ. ಬರುವ ನಾಲ್ಕು ಜನ ಬುತ್ತಿ ಕಟ್ಟಿಕೊಂಡು ಬಂದು, ದಡದಲ್ಲಿ ಕೂತು ತಿಂದು, ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದರು.

"ಏನಯ್ಯಾ, ಕೆರೇನೇ ಖಾಲಿ ಮಾಡೋ ಹಾಗಿದೆ," ಎನ್ನುತ್ತ ಭಾವ ಬಂದು ಕಟ್ಟೆಯ ಅಂಚಿಗೆ ಕೂತ. ಸಾವಧಾನಿಯ ಅಕ್ಕನ ಗಂಡ. ಅವನದೂ ಇಲ್ಲೇ ದೋಣಿ, ಇವತ್ತು ಸರತಿಯಲ್ಲಿ ಹದಿಮೂರನೆಯವನು.

"ನಿನ್ನೆ ನೀವು ಚೆಲ್ಲಿದ ನೀರೆಲ್ಲ ನನ್ನ ದೋಣಿಗೇ ಬಂದಿದೆ ಭಾವ."

ಭಾವ ನಗಲಿಲ್ಲ. "ಆ ಸರತಿ ಒಂದಿತ್ತಲ್ಲ," ಎಂದ.

ಸಾವಧಾನಿಯ ಕೈ ನಿಂತಿತು. ಹೋದ ವರ್ಷ ಅವನ ಮಗಳು ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡ ದಿನ, ಆಸ್ಪತ್ರೆ ಖರ್ಚಿಗೆಂದು ಭಾವ ತನ್ನ ಸರತಿಯನ್ನು ಅವನಿಗೆ ಬಿಟ್ಟುಕೊಟ್ಟಿದ್ದ. ಯಾವುದೋ ಕಂಪನಿಯ ಒಂಬತ್ತು ಜನ, ನಡುಗಡ್ಡೆಯವರೆಗೆ ದೊಡ್ಡ ಸುತ್ತು. ಆ ಬಾಬ್ತಿಗೆ, ಸರತಿ ಬರೆಯುವ ಹಲಗೆಯಜ್ಜ ಸಾವಧಾನಿಯ ನಂಬರಿನ ಪಕ್ಕ ಬಾಕಿಯ ಗುರುತಾಗಿ ಸೀಮೆಸುಣ್ಣದ ಚುಕ್ಕೆಯೊಂದನ್ನು ಇಟ್ಟಿದ್ದ.

"ಇವತ್ತೇ ಬೇಕಾ ಭಾವ?"

"ಸಿಲಿಂಡರ್ ಖಾಲಿಯಾಗಿ ಮೂರು ದಿನ ಆಯ್ತು. ನಿಮ್ಮಕ್ಕ ಒಲೆ ಊದಿ ಊದಿ, ಉಳಿದ ಉಸಿರಲ್ಲಿ ನನ್ನನ್ನ ಬೈತಾಳೆ."

"ನನಗೂ ಡಾಂಬರು ಆಗಬೇಕಲ್ಲ. ಆಗ ದಿನಕ್ಕೆ ಐದಾರು ಸರತಿ, ಈಗ ನಾಲ್ಕು ದಿನಕ್ಕೆ ಒಂದು. ಎರಡೂ ಒಂದೇನಾ?"

"ಸರತಿ ಅಂದ್ರೆ ಸರತಿ. ನಾನು ಕೊಡೋವಾಗ ತಕ್ಕಡಿ ಹಿಡಿದಿದ್ನಾ?"

ಹಿಡಿದಿರಲಿಲ್ಲ. ಇಬ್ಬರೂ ಹಲಗೆಯಜ್ಜನ ಹತ್ತಿರ ಹೋದರು. ಅಜ್ಜ ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡ.

"ನಲವತ್ತು ವರ್ಷದಿಂದ ಸೀಮೆಸುಣ್ಣ ಹಿಡಿದಿದೀನಿ. ದೊಡ್ಡ ಚುಕ್ಕೆ, ಸಣ್ಣ ಚುಕ್ಕೆ ಅಂತ ಇಡೋದು ನನಗೆ ಯಾರೂ ಹೇಳಿಕೊಟ್ಟಿಲ್ಲಪ್ಪ," ಎಂದ.

ಸಾವಧಾನಿ ತನ್ನ ದೋಣಿಯ ಕಡೆ ಒಮ್ಮೆ ನೋಡಿದ. "ಹಾಗಾದ್ರೆ ನಿಮ್ಮ ದೋಣೀನೇ ಮುಂದೆ ತನ್ನಿ ಭಾವ," ಎಂದ.

ಹನ್ನೊಂದರ ಬಸ್ಸಿನಿಂದ ಒಂದು ಸಂಸಾರ ಇಳಿಯಿತು. ಏಳು ಜನ. ನೇರ ಕಟ್ಟೆಗೇ ಬಂದರು. ಭಾವ ದಿಂಬುಗಳನ್ನು ಕೊಡವಿ ಹಾಸಿ, ಮುದುಕಿಯನ್ನು ಕೈ ಹಿಡಿದು ಕೂರಿಸಿದ. ಮಕ್ಕಳು ಹುಟ್ಟು ಹಿಡಿದು ಫೋಟೋ ತೆಗೆಸಿಕೊಂಡವು. ಮನೆಯ ಯಜಮಾನ ದೊಡ್ಡ ಸುತ್ತಿಗೆ ಎಷ್ಟು ಎಂದು ಕೇಳಿದ, ಸಣ್ಣದಕ್ಕೆ ಎಷ್ಟು ಎಂದು ಕೇಳಿದ. ಭಾವ ಎರಡಕ್ಕೂ ತಾನಾಗಿಯೇ ಒಂದಿಷ್ಟು ಬಿಟ್ಟು ಹೇಳಿದ. ಯಜಮಾನ ಹೆಂಡತಿಯ ಮುಖ ನೋಡಿದ. ಆಮೇಲೆ ಒಬ್ಬೊಬ್ಬರಾಗಿ ಇಳಿದರು.

ಕೊನೆಗೆ ಇಳಿದ ಹೆಂಗಸು ತಗ್ಗಿದ ದನಿಯಲ್ಲಿ ಹೇಳಿದಳು: "ತಪ್ಪು ತಿಳ್ಕೋಬೇಡಿ ಅಣ್ಣ. ಇವರ ಫ್ಯಾಕ್ಟ್ರೀಲಿ ಈ ತಿಂಗಳು ಅರ್ಧ ಸಂಬಳ."

"ಇರಲಿ ತಾಯಿ, ಮೆಟ್ಟಿಲು ಜಾರುತ್ತೆ, ಜೋಪಾನ," ಎಂದ ಭಾವ.

ದಡದಲ್ಲಿ ಕೂತು ಕಡಲೆಕಾಯಿ ಮಾರುವವಳು ಅಲ್ಲಿಂದಲೇ ಭಾವನಿಗೆ ಕೂಗಿದಳು: "ಫೋಟೋದಲ್ಲಿ ನೀನೂ ಬಂದ್ಯಾ? ಒಂದು ಕಾಪಿ ಕೇಳಿ ಇಸ್ಕೋಬೇಕಿತ್ತು."

ಹಲಗೆಯಜ್ಜ ಸಾವಧಾನಿಯ ನಂಬರನ್ನು ಕೊನೆಗೆ ಬರೆದ. ಚುಕ್ಕೆಯ ಮೇಲೆ ಬೆರಳಿಟ್ಟಾಗ ಸಾವಧಾನಿ ಅಡ್ಡ ಬಂದ.

"ಒರೆಸಬೇಡಿ ಅಜ್ಜ. ದೋಣಿ ಒಂದು ಮಾರೂ ಹೋಗಿಲ್ಲ. ಭಾವ ನನಗೆ ಕೊಟ್ಟಿದ್ದು ಒಂಬತ್ತು ಜನ."

"ಕಾಲಿಟ್ರಲ್ಲಪ್ಪ," ಎಂದ ಅಜ್ಜ.

"ಕಾಲಿಟ್ಟಿದ್ದು ಫೋಟೋಕ್ಕೆ."

"ಏಯ್, ಸುಮ್ಮನಿರೋ," ಎಂದ ಭಾವ. "ಸರತಿ ಅಂದ್ರೆ ಸರತಿ ಅಂತ ಬೆಳಿಗ್ಗೆ ಅಂದವನು ನಾನು. ಈಗ ನಾನೇ ತಕ್ಕಡಿ ತರಲಾ? ಒರೆಸಿ ಅಜ್ಜ."

"ಅಕ್ಕನಿಗೆ ಏನಂತ ಹೇಳ್ತೀರಿ?"

"ನಿನ್ನ ತಮ್ಮ ಬಾಕಿ ತೀರಿಸಿದ ಅಂತೀನಿ. ಬೈಗುಳ ನಿನಗೂ ಅರ್ಧ ಬರಲಿ."

ವರ್ಷದ ಚುಕ್ಕೆ ಗಟ್ಟಿಯಾಗಿ ಕೂತಿತ್ತು. ಅಜ್ಜ ಬೆರಳು ನೀರಿಗದ್ದಿ ಎರಡು ಸಲ ಉಜ್ಜಬೇಕಾಯಿತು.

ಸಾವಧಾನಿಯ ಸರತಿ ಇನ್ನು ಬುಧವಾರದವರೆಗೆ ಬರುವುದಿಲ್ಲ. ಅಷ್ಟರಲ್ಲಿ ತಪಾಸಣೆ ಮುಗಿದು, ಈ ವರ್ಷದ ಜಾಗ ಹೋಗಿರುತ್ತದೆ. ಓಡಿಸದ ದೋಣಿಯನ್ನು ದಡಕ್ಕೆಳೆದರೆ ಬಿಸಿಲಿಗೆ ಹಲಗೆ ಬಾಯಿಬಿಡುತ್ತದೆ. ಕಲ್ಲು ತುಂಬಿ ತಗ್ಗು ನೀರಲ್ಲಿ ಮುಳುಗಿಸಿಟ್ಟರೆ ಎರಡು ವರ್ಷವಾದರೂ ಗಟ್ಟಿಯಾಗಿರುತ್ತದೆ. ಮಧ್ಯಾಹ್ನ ಅವನು ಯಾರಿಗೂ ಹೇಳದೆ ಕಲ್ಲು ಆರಿಸತೊಡಗಿದ. ಭಾವ ನೋಡಿ, ಅಂಗಿ ಬಿಚ್ಚಿಟ್ಟು, ಲುಂಗಿ ಎತ್ತಿ ಕಟ್ಟಿ ಬಂದು ದೊಡ್ಡ ಕಲ್ಲುಗಳಿಗೆ ಕೈ ಕೊಟ್ಟ. ಇಬ್ಬರೂ ಮೊಣಕಾಲು ನೀರಲ್ಲಿ ನಿಂತು ಒಂದೊಂದೇ ಕಲ್ಲನ್ನು ಹಲಗೆಗೆ ಪೆಟ್ಟಾಗದಂತೆ ಇಳಿಸಿದರು. ನೀರು ಅಂಚಿನವರೆಗೆ ಬಂದು, ಸ್ವಲ್ಪ ತಡೆದು, ಒಳಗೆ ನುಗ್ಗಿತು.

"ಗಾರೆ ಕೆಲಸಕ್ಕೆ ಜನ ಬೇಕು ಅಂತಿದ್ರಲ್ಲ ಭಾವ, ಎಷ್ಟೊತ್ತಿಗೆ ಹೋಗಬೇಕಂತೆ?" ಎಂದು ಸಾವಧಾನಿ ಕೇಳಿದ.

"ಏಳಕ್ಕೆ. ಅಲ್ಲಿ ಸರತಿ ಗಿರತಿ ಇಲ್ಲ, ಮೊದಲು ಹೋದವನಿಗೆ ಕೆಲಸ. ನೀನು ಆರಕ್ಕೇ ಹೊರಡು."

ಸಾವಧಾನಿ ಹುಟ್ಟುಗಳನ್ನು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ಹೊರಟ.