ಮುತ್ತಪ್ಪನ ಕುಣಿ

"ದೂರ ನಿಲ್ಲು, ಲೇ. ನಿನ್ನ ಕೈ ಹತ್ತಿ ಕಾಗದಾ ಹೊಲಸಾಗ್ತದ."

ಊರಿನ ಕಚೇರಿಯಿಂದ ಬಂದ ನಂದಕಿಶೋರ ಜನಾಭಿಪ್ರಾಯದ ಕಾಗದಗಳನ್ನು ಎದೆಗೆ ಒತ್ತಿಕೊಂಡ. ಇಂದ್ರವ್ವ ಸೆಗಣಿಯ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಿಮ್ಮ ಕೇರಿ ಹಿಂದಿನ ಬಯಲ ಈಗ ಯಾವುದಕ್ಕ ಬಳಸ್ತೀರಿ? ಆಟಕ್ಕೊ, ವಾಕಿಂಗಿಗೊ, ದನಾ ಮೇಯಿಸಲಿಕ್ಕೊ?"

"ಸತ್ತೋರನ್ನ ಹುಗೀತೀವ್ರಿ, ಸಾಹೇಬ್ರ."

"ಅದು ಇದರಾಗ ಇಲ್ಲ."

"ನಮ್ಮ ಮುತ್ಯಾನ ಕಾಲದಿಂದ್ರಿ..."

"ಇಲ್ಲ ಅಂದ್ನೆಲ್ಲ? ತಲಿ ತಿನಬ್ಯಾಡ."

‘ಯಾವ ಉಪಯೋಗವೂ ಇಲ್ಲ’ ಎಂಬಲ್ಲಿ ಗೀಟು ಎಳೆದ. ಮಸಿಯ ಡಬ್ಬಿ ಮುಂದೆ ಚಾಚಿದ. "ಹೆಬ್ಬೆಟ್ಟ ಅಷ್ಟ ಒತ್ತು."

ಮನೆಗೆ ಹಕ್ಕುಪತ್ರವಿರಲಿಲ್ಲ. ಎದುರಾಡಿದರೆ ಅದೂ ಹೋದೀತೆಂದು ಇಂದ್ರವ್ವ ಒತ್ತಿದಳು.

ಹದಿನೈದು ದಿನಕ್ಕೆ ಬಯಲಲ್ಲಿ ಬೋರ್ಡು ನಿಂತಿತು. ಊರವರೆಲ್ಲರ ಒಪ್ಪಿಗೆಯಂತೆ ವಾಕಿಂಗ್ ದಾರಿ, ಗಿಡ, ಬೆಂಚು. ಭೂಮಿ ಸಂರಕ್ಷಣೆಗಾಗಿ ಇನ್ನು ಯಾರೂ ಅಲ್ಲಿ ಅಗೆಯುವಂತಿಲ್ಲ. ಮಂಗಳವಾರ ಜೆಸಿಬಿ ಬರುತ್ತದೆಂದು ಸುದ್ದಿಯಾಯಿತು.

ಸೋಮವಾರ ಇಂದ್ರವ್ವನ ಮಾವ ಮುತ್ತಪ್ಪನ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ದವಾಖಾನೆಯವರು ಮನೆಗೆ ಕಳಿಸಿ ನಾಲ್ಕು ದಿನವಾಗಿತ್ತು.

"ಇವತ್ತ ತೋಡ್ರಿ," ಎಂದ ಮುದುಕ. "ನಿಮ್ಮತ್ತಿ ಮಗ್ಗಲಾಗ."

"ಜೀವಾ ಇರೂವಾಗ ಹ್ಯಾಂಗ ತೋಡೂದ, ಮಾವಾ?"

"ಸತ್ತಮ್ಯಾಲ ತೋಡಾಕ ಬಿಡ್ತಾರೇನ ಬೇ?"

ಇಂದ್ರವ್ವನ ಗಂಡ ಸೇರಿ ಕೇರಿಯ ಗಂಡಸರೆಲ್ಲ ಮುಧೋಳದ ಕಡೆ ಕಬ್ಬು ಕಡಿಯಲು ಹೋಗಿದ್ದರು. ಇಂದ್ರವ್ವ, ನೆರೆಮನೆಯ ಶಂಕ್ರೆವ್ವ ಗುದ್ದಲಿ ಹಿಡಿದರು. ಹೆಂಗಸರು ಕುಣಿ ತೋಡಿದ್ದನ್ನು ಕೇರಿ ಎಂದೂ ಕಂಡಿರಲಿಲ್ಲ. ಬೂಟು ಹಾಕಿಕೊಂಡು ನಡೆಯಲು ಬಂದಿದ್ದ ಇಬ್ಬರು ಊರವರು ನಿಂತು ನೋಡಿದರು.

"ಗಿಡಾ ಹಚ್ಚಾಕತ್ತೀರೇನ?"

"ಹೂಂನ್ರಿ, ಮುದುಕನ್ನ ಹಚ್ಚಾಕತ್ತೇವಿ," ಎಂದಳು ಶಂಕ್ರೆವ್ವ. "ನೀವೂ ಬರ್ರಿ, ದಿನಾ ನೀರ ಹಾಕ್ತೇವಿ."

ಅವರು ಹೋದ ಮೇಲೆ ಅವಳ ನಗುವೂ ಹೋಯಿತು.

"ತೋಡಿದ ಕುಣಿ ಬರಿದ ಬಿಡಬಾರ್ದ, ಇಂದ್ರಾ. ಬೆಳಗಾಗೂದ್ರಾಗ ಮನ್ಯಾಗಿನ ಇನ್ನೊಂದ ಜೀವಾ ಕರೀತೈತಿ."

ಇಂದ್ರವ್ವ ಗಂಡನಿಗೆ ಫೋನು ಹಚ್ಚಿದಳು. ರಿಂಗಾಯಿತು. ಅವನು ಎತ್ತಲಿಲ್ಲ.

ಬೆಳಗಾದಾಗ ಮುತ್ತಪ್ಪ ಎದ್ದು ಕುಳಿತಿದ್ದ.

"ಹಸಿವ್ಯಾಗೇತಿ ಯವ್ವಾ. ನುಚ್ಚ ಐತೇನ?"

ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಅವನು ಸೊಸೆಯ ಮುಖ ನೋಡಲಿಲ್ಲ. ಅವಳೂ ಅವನನ್ನು ನೋಡದೆ ತಟ್ಟೆ ಇಟ್ಟು, ಮತ್ತೆ ಫೋನು ಹಚ್ಚಿದಳು. ಗಂಡ ಎತ್ತಲಿಲ್ಲ. ಬಯಲ ಕಡೆಯಿಂದ ಜೆಸಿಬಿಯ ಸದ್ದು ಕೇಳಿಸಿತು.

ಓಡಿದಳು. ನಂದಕಿಶೋರ ಕುಣಿಯ ಅಂಚಿನಲ್ಲಿ ಒದರುತ್ತಿದ್ದ.

"ಯಾವ ಸೂಳೇಮಗ ತೋಡ್ಯಾನ ಇದನ್ನ?"

"ನಾನ ರೀ. ನಮ್ಮ ಮಾವಗ. ಎರಡ ದಿನಾ ಬಿಡ್ರಿ, ಕಾಲ ಬೀಳ್ತೇನಿ."

"ಸತ್ತಾನೇನು?"

ಮನೆಯಲ್ಲಿ ಮುದುಕ ನುಚ್ಚು ಉಣ್ಣುತ್ತಿದ್ದ.

"ಮುಚ್ಚೋ ಅದನ್ನ!" ಅವನು ಡ್ರೈವರನಿಗೆ ಕೂಗಿದ.

"ಬರಿದ ಮುಚ್ಚಬ್ಯಾಡ್ರೋ, ನಿಮ್ಮ ಬಾಯಾಗ ಮಣ್ಣ ಬೀಳ್ಲಿ!" ಶಂಕ್ರೆವ್ವ ಹಿಂದಿನಿಂದ ಚೀರುತ್ತ ಬಂದಳು.

ಜೆಸಿಬಿ ಮಣ್ಣು ಮೊಗೆದು ಮೇಲೆತ್ತಿತು. ಇಂದ್ರವ್ವನಿಗೆ ಗಂಡನ ಫೋನು ಇನ್ನೂ ಬಂದಿರಲಿಲ್ಲ. ಕುಣಿಯ ಅಂಚಿಗೆ ಕುಳಿತಳು. ಕುಳಿತಲ್ಲಿಂದ ಒಳಗೆ ಇಳಿದಳು.

ಒಳಗೆ ತಂಪಿತ್ತು. ಮೇಲೆ ಯಾರೋ ಬೈಯುತ್ತಿದ್ದರು, ಯಾರೋ ಅಳುತ್ತಿದ್ದರು, ಮಾತು ತಿಳಿಯಲಿಲ್ಲ. ಕಾಣುತ್ತಿದ್ದದ್ದು ಒಂದು ತುಂಡು ಆಕಾಶ, ಅದಕ್ಕೆ ಅಡ್ಡವಾಗಿ ತುಂಬಿದ ಬಕೆಟ್ಟು. ಇಂಜಿನ್ನು ನಿಲ್ಲಲಿಲ್ಲ. ಅದರ ಅದುರುವಿಕೆಗೆ ಅಂಚಿನ ಮಣ್ಣು ಸಡಿಲಿ ಅವಳ ಹೆಗಲಿಗೆ, ಕೂದಲಿಗೆ, ತೆರೆದ ಬಾಯಿಗೆ ಉದುರತೊಡಗಿತು.

ಇಂದ್ರವ್ವ ಕೊಡವಿಕೊಳ್ಳಲಿಲ್ಲ.