ಬೇಸ್ ಗಿಟಾರಿನ ಹೊಟ್ಟೆಯೊಳಗಿನ ಬೆಸುಗೆ

ವಾದ್ಯದಂಗಡಿಯ ಮುದುಕ ಬೇಸ್ ಗಿಟಾರನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಡಾಕ್ಟರು ರೋಗಿಯ ಬೆನ್ನು ತಟ್ಟುವ ಹಾಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದ. ಮೇಜಿನ ಈಚೆ ಅತ್ತಿಗೆ ಕೂತಿದ್ದಳು, ಆಚೆ ಮೈದುನ. ಅವಳ ಗಂಡ ತೀರಿಕೊಂಡ ಮೇಲೆ ಇಬ್ಬರೂ ಮುಖ ನೋಡಿ ಮಾತಾಡಿದ್ದಿಲ್ಲ. ಆಡಲೇಬೇಕಾದ ಮಾತನ್ನು ಗೋಡೆಗೆ ಆಡುತ್ತಿದ್ದರು.

ಅವಳ ಮಾವ, ಅಂದರೆ ಮೈದುನನ ಅಪ್ಪ, ಬಿಟ್ಟುಹೋದದ್ದು ಈ ಗಿಟಾರು, ಮತ್ತು ಮೇಲೊಂದು ಕೆಳಗೊಂದು ಕೋಣೆ. ಕೆಳಗಿನದರಲ್ಲಿ ಅತ್ತಿಗೆಯ ಎರಡು ಹೊಲಿಗೆ ಮಷಿನು, ಮೇಲಿನದರಲ್ಲಿ ಅವಳ ಹಾಸಿಗೆ, ಒಲೆ. ವಕೀಲರ ಮುಂದೆ ಕಾಗದವಾಗಿತ್ತು: ಗಿಟಾರು ಕೋಣೆಗಳಷ್ಟು ಬೆಲೆ ಬಾಳಿದರೆ ಅದು ಮೈದುನನಿಗೆ, ಕೋಣೆಗಳು ಅತ್ತಿಗೆಗೆ. ಬಾಳದಿದ್ದರೆ ಎಲ್ಲವನ್ನೂ ಮಾರಿ ಅರ್ಧರ್ಧ. ಕೋಣೆಗಳ ಬೆಲೆ ಕಾಗದದಲ್ಲೇ ಇತ್ತು, ಗಿಟಾರಿನದನ್ನು ಈ ಮುದುಕ ಬರೆದುಕೊಡಬೇಕಿತ್ತು. ಮೈದುನನಿಗೆ ಬೇಕಿದ್ದದ್ದು ನಗದು, ಮತ್ತು ಅತ್ತಿಗೆ ಅಲ್ಲಿಂದ ಗಂಟುಮೂಟೆ ಕಟ್ಟುವುದು. ಯಾವುದು ಹೆಚ್ಚು ಬೇಕೆಂದು ಅವನಿಗೇ ತಿಳಿಯದು.

"ಅಕಾರ್ಡಿಯನ್ ಮಾಡೋರ ಕಾರ್ಖಾನೆದು ಇದು," ಮುದುಕ ಹೇಳಿದ. "ನೋಡಿ, ಮೈಗೆಲ್ಲ ಅದೇ ಮುತ್ತಿನ ಬಣ್ಣದ ಹಾಳೆ ಅಂಟಿಸಿದ್ದಾರೆ. ಗುಂಡಿಗಳೂ ಅಕಾರ್ಡಿಯನ್‌ದೇ. ಒಂದು ವರ್ಷ ಮಾಡಿ ಕೈಬಿಟ್ಟರು. ನನ್ನ ಜೀವಮಾನದಲ್ಲಿ ಇದು ಎರಡನೇದು."

ಅತ್ತಿಗೆ ಕೂತಲ್ಲೇ ನೆಟ್ಟಗಾದಳು.

"ಹಳೇದೆಲ್ಲ ಚಿನ್ನ ಅಲ್ಲ ಅಂತ ಕೆಲವರಿಗೆ ತಿಳಿಸಿ ಯಜಮಾನ್ರೆ," ಎಂದ ಮೈದುನ.

"ಕೆಲವರು ಎಂಟು ದಿನ ಧೂಳು ಒರೆಸ್ತೀನಿ ಅಂತ ಮನೇಲಿಟ್ಕೊಂಡಿದ್ದು ಇದನ್ನೇ," ಅತ್ತಿಗೆ ಕಿಟಕಿಗೆ ಹೇಳಿದಳು.

"ಜಗಳ ಆಡೋದಾದ್ರೆ ಹೊರಗೆ ಬೆಂಚಿದೆ," ಎಂದ ಮುದುಕ.

ಅವನು ಕುತ್ತಿಗೆ ನೇರವಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ನಾಲ್ಕು ತಂತಿಗಳನ್ನೂ ಮೀಟಿ ಕಿವಿಗೊಟ್ಟ. ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿತು. ಸ್ಕ್ರೂ ತೆಗೆದು ಪಿಕಪ್ಪಿನ ಮುಚ್ಚಳ ಎತ್ತಿದ. ಪಿಕಪ್ಪೆಂದರೆ ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಅಯಸ್ಕಾಂತದ ಸುರುಳಿ. ಅಲ್ಲಿ ಎರಡಿದ್ದವು. ಒಂದು ಮಾಸಲು ಕಂದು, ಇನ್ನೊಂದು ಕಪ್ಪು.

"ಹೋಯ್ತು," ಎಂದ. "ಇದರ ಜೀವ ಇರೋದೇ ಈ ಸುರುಳೀಲಿ. ಒಂದನ್ನ ಯಾರೋ ಬದಲಾಯಿಸಿದ್ದಾರೆ. ಬೆಲೆ ಅರ್ಧಕ್ಕೆ ಅರ್ಧ ಇಳೀತು."

"ಅಪ್ಪನ ಕಾಲದಲ್ಲೇ ಆಗಿರ್ಬೇಕು, ಪಾಪ." ಮೈದುನನ ದನಿಯಲ್ಲಿ ಪಾಪ ಎನ್ನುವುದು ಎಲ್ಲೂ ಇರಲಿಲ್ಲ.

ಅತ್ತಿಗೆಯ ಕಣ್ಣಮುಂದೆ ಅವಳ ಮಷಿನುಗಳು ಬೀದಿಗೆ ಬಂದವು. ಆದರೂ ಎದ್ದು, ಮುದುಕನ ಭೂತಗನ್ನಡಿಯನ್ನು ಕೇಳಿ ಪಡೆದು ಬಗ್ಗಿದಳು. ಹೊಲಿಗೆ ನೋಡಿ ಇದು ಯಾರ ಕೈಯದೆಂದು ಹೇಳಬಲ್ಲವಳು ಅವಳು. ಒಳಗೆ ಕಾರ್ಖಾನೆಯವರ ಬೆಸುಗೆಗಳು ಬೂದುಬಣ್ಣಕ್ಕೆ ತಿರುಗಿ, ಅಂಗಳಕ್ಕೆ ಉಗಿದ ಹಾಗೆ ಅಡ್ಡಾದಿಡ್ಡಿ ಬಿದ್ದಿದ್ದವು. ಕಪ್ಪು ಪಿಕಪ್ಪಿನದು ಮಾತ್ರ ಸಾಸಿವೆ ಕಾಳಿನಷ್ಟು ದುಂಡಗೆ ಹೊಳೆಯುತ್ತಿತ್ತು. ತಂತಿಯನ್ನು ಮೂರು ಸುತ್ತು ಹೆಣೆದು, ತುದಿಯನ್ನು ಒಳಕ್ಕೆ ಮಡಚಲಾಗಿತ್ತು.

ಅವಳ ಇಸ್ತ್ರಿಪೆಟ್ಟಿಗೆಯ ಒಳಗೂ ಹೀಗೇ ಮೂರು ಸುತ್ತು. ಮಷಿನಿನ ಮೋಟರಿನಲ್ಲೂ. ಹದಿನೈದು ವರ್ಷದಿಂದ ರೇಡಿಯೋ ರಿಪೇರಿ ಅಂಗಡಿ ನಡೆಸುವ ಮೈದುನ ಅವನ್ನು ಬಿಚ್ಚಿ ಜೋಡಿಸುವಾಗ "ಯಾಕೋ, ತಂತಿಗೂ ಜಡೆ ಹೆಣೀತೀಯ?" ಎಂದು ಅವಳೇ ನಗುತ್ತಿದ್ದಳು.

ಹೇಳಿದರೆ ಅವನು ಅಲ್ಲಗಳೆಯುತ್ತಾನೆ. ಅವಳು ಮೂಗು ಮುರಿದು, "ಅಯ್ಯೋ, ಯಾರೋ ಕೈಬಾರದೋನು ಮಾಡಿದ ಕೆಲಸ ಯಜಮಾನ್ರೆ. ಮೇಣದಬತ್ತಿ ತೊಟ್ಟಿಕ್ಕಿಸಿದ ಹಾಗಿದೆ. ನಾಳೆ ಕಿತ್ಕೊಂಡು ಬರುತ್ತೆ," ಎಂದಳು.

ಮೈದುನನ ಕಿವಿ ಕೆಂಪಾಯಿತು.

"ಇಂಥೋರು ಅಂಗಡಿ ಬೇರೆ ಇಟ್ಕೊಂಡಿರ್ತಾರೆ," ಅವಳು ಬಿಡಲಿಲ್ಲ. "ನನ್ನ ಹತ್ರ ಗುಂಡಿ ಹಚ್ಚೋದು ಕಲಿಯೋಕೆ ಬಂದವಳೂ ಇದಕ್ಕಿಂತ ನೀಟಾಗಿ ಮಾಡ್ತಾಳೆ."

"ಬೆಸುಗೆ ಅಂದ್ರೆ ಏನು ಗೊತ್ತು ನಿಮಗೆ?" ಗೋಡೆಯನ್ನು ಬಿಟ್ಟು ಅವನು ನೇರ ಅವಳತ್ತ ತಿರುಗಿದ. "ಅಲ್ಲಿ ಬೆರಳೇ ಹೋಗಲ್ಲ. ಕೆಳಗೆ ಆ ಮುತ್ತಿನ ಬಣ್ಣದ ಹಾಳೆ, ಬಿಸಿ ತಾಗಿದ್ರೆ ಭಗ್ ಅನ್ನುತ್ತೆ. ಒದ್ದೆ ಬಟ್ಟೆ ತುರುಕಿ, ಉಸಿರು ಬಿಗಿಹಿಡಿದು, ಒಂದೇ ಸಲಕ್ಕೆ..."

ಅಷ್ಟಕ್ಕೆ ಬಾಯಿ ಮುಚ್ಚಿದ. ಮುದುಕ ಕನ್ನಡಕವನ್ನು ಹಣೆಗೇರಿಸಿ ಅವನನ್ನೇ ನೋಡಿದ.

"ಕೆಲಸ ಚೆನ್ನಾಗೇ ಇದೆ," ಎಂದ ನಿಧಾನಕ್ಕೆ. "ಹಳೇದು ಎಲ್ಲಿ?"

ಮೈದುನ, "ಅಂಗಡೀಲಿದೆ," ಎಂದ.

"ಒಡೆದಿಲ್ಲ ತಾನೇ?"

"ನಾನು ಒಡೀತೀನಾ?" ಅದಕ್ಕೂ ಅವನಿಗೆ ಸಿಟ್ಟೇ.

"ಹಾಗಾದ್ರೆ ಗಿಟಾರು ಪೂರ್ತಿ ಇದೆ. ಅರ್ಧ ಇಲ್ಲಿ, ಅರ್ಧ ನಿನ್ನ ಅಂಗಡೀಲಿ. ಪೂರ್ತಿ ಬೆಲೆ ಬರೀತೀನಿ. ಕೋಣೆಗಳಿಗಿಂತ ಒಂದು ಗುಲಗಂಜಿ ಹೆಚ್ಚೇ." ಮುದುಕ ಪೆನ್ನು ತೆಗೆದ.

"ಈ ದರಿದ್ರ ಗಿಟಾರು ನನಗೆ ಬೇಡ. ಇದನ್ನ ಯಾರು ಕೊಳ್ತಾರೆ?"

"ಕಾಗದದಲ್ಲಿ ನಿನಗೆ ಅಂತಲೇ ಇದೆ," ಎಂದಳು ಅತ್ತಿಗೆ. "ಹುಡುಕು. ಅಂಗಡಿ ಕಟ್ಟೆ ಮೇಲಿಟ್ಕೊಂಡು ಕೂತ್ಕೋ."

"ಅಣ್ಣ ಇದ್ದಿದ್ರೆ ನಿಮಗೆ ಇಷ್ಟು ನಾಲಿಗೆ ಇರ್ತಿರಲಿಲ್ಲ."

"ನಿನ್ನಣ್ಣ ಇದ್ದಿದ್ರೆ ನೀನು ಆ ಸ್ಕ್ರೂ ಮುಟ್ತಿರಲಿಲ್ಲ."

ಮುದುಕ ರುಜು ಹಾಕಿ ಕಾಗದವನ್ನು ಅವಳ ಕಡೆ ಸರಿಸಿದ. ಮೈದುನ ಗಿಟಾರನ್ನು ಚೀಲಕ್ಕೆ ತುರುಕುತ್ತಿದ್ದಾಗ ಅವಳು ಕೈ ಚಾಚಿದಳು.

"ಕೆಳಗಿನ ಕೋಣೆಯ ಇನ್ನೊಂದು ಬೀಗದ ಕೈ ನಿನ್ನ ಹತ್ರ ಇದೆ. ಕೊಡು."

ಅವನು ಗೊಂಚಲಿನಿಂದ ಕಿತ್ತು ನೆಲಕ್ಕೆಸೆದ. ಅವಳು ಬಗ್ಗಲಿಲ್ಲ, ಚಾಚಿದ ಕೈಯನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುದುಕ ಬಾಗಿಲಿಗೆ ಅಡ್ಡ ನಿಂತು ಬೀಡಿ ಹಚ್ಚಿದ. ಹೆಗಲಿಗೆ ಗಿಟಾರು ನೇತುಹಾಕಿಕೊಂಡೇ ಮೈದುನ ಬಗ್ಗಿ ಕೀಲಿಯನ್ನು ಹೆಕ್ಕಿ ಅವಳ ಅಂಗೈಗೆ ಇಟ್ಟ.